ಎಂಟು ಕಿಲೊ ಮತ್ತು ಒಂದು ಸೌಟು

ಆಸ್ಪತ್ರೆಯ ಕ್ಯಾಂಟೀನಿನ ಅಡುಗೆಯವಳನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ವಯಸ್ಸಿಗೆ ಒಂದಿಷ್ಟು, ಗಾತ್ರಕ್ಕೆ ಒಂದಿಷ್ಟು, ಉಳಿದದ್ದು ಅವಳ ಬಾಯಿಗೆ ಹೆದರಿ. ಅವಳ ಬಲಗಡೆಯ ಸೊಂಟದ ಕೀಲು ಸವೆದುಹೋಗಿತ್ತು. ಉಗ್ರಾಣದಿಂದ ಒಲೆಗೆ ಹನ್ನೆರಡು ಹೆಜ್ಜೆ. ಅಷ್ಟು ನಡೆಯಲು ಮಧ್ಯೆ ಎರಡು ಕಡೆ ನಿಲ್ಲಬೇಕು. ಚಪ್ಪಲಿ ಮೆಟ್ಟಿಸಲು ಸೊಸೆ ಬರಬೇಕು.

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು ನೋಡಿ, "ಕೀಲು ಬದಲಿಸಲೇಬೇಕು. ಆದರೆ ಮೊದಲು ಎಂಟು ಕಿಲೊ ಇಳಿಸಿ," ಎಂದರು.

"ಆಪರೇಷನ್ ಸೊಂಟಕ್ಕೆ ತಾನೆ? ನನ್ನ ಹೊಟ್ಟೆ ತಂಟೆ ನಿಮಗ್ಯಾಕೆ ಡಾಕ್ಟ್ರೇ?"

"ಸೊಂಟಕ್ಕೆ ಹೋಗೋಕೆ ದಾರಿ ಬೇಕಲ್ಲಮ್ಮ. ಕೊಬ್ಬು ಜಾಸ್ತಿ ಇದ್ರೆ ಆಳವಾಗಿ ಕೊಯ್ಯಬೇಕು, ಹೊತ್ತು ಹಿಡಿಯುತ್ತೆ, ಗಾಯ ಬೇಗ ಕೂಡಲ್ಲ. ಒಳಗೆ ಕೀವಾಯ್ತು ಅಂದ್ರೆ ಹಾಕಿದ ಕೀಲನ್ನೇ ತೆಗೀಬೇಕಾಗಬಹುದು. ನಿಮಗೆ ಸಕ್ಕರೆ ಕಾಯಿಲೆ ಬೇರೆ."

"ಹಾಗಾದ್ರೆ ದಪ್ಪ ಇರೋರಿಗೆ ಮಾಡಿ ಪ್ರಯೋಜನ ಇಲ್ಲ ಅನ್ನಿ."

"ಹಾಗಂದ್ನಾ ನಾನು? ನೋವು ಅವರಿಗೂ ಚೆನ್ನಾಗೇ ಹೋಗುತ್ತೆ. ಅಪಾಯ ಜಾಸ್ತಿ, ಅಷ್ಟೇ. ಮೂರು ತಿಂಗಳು ಕೊಡ್ತೀನಿ. ಅಷ್ಟರಲ್ಲಿ ಇಳಿಸಿ ಬಂದ್ರೆ ದಿನ ಗೊತ್ತು ಮಾಡೋಣ."

"ನಿಮ್ಮ ತೂಕ ಎಷ್ಟು?"

ಡಾಕ್ಟರು ಎಕ್ಸ್‌ರೇಯನ್ನು ಕವರಿಗೆ ತೂರಿಸುವುದರಲ್ಲಿ ಮಗ್ನರಾಗಿಬಿಟ್ಟರು. ಕ್ಯಾಂಟೀನಿನಲ್ಲಿ ದಿನಾ ಎರಡನೇ ಸಲ ತಟ್ಟೆ ಒಡ್ಡುವವರು ಯಾರೆಂದು ದೊಡ್ಡಮ್ಮನಿಗೆ ಗೊತ್ತಿಲ್ಲದ ವಿಷಯವೇನಲ್ಲ.

ಅವತ್ತಿನಿಂದ ಅವಳು ಹಟ ಹಿಡಿದಳು. ಬೆಳಿಗ್ಗೆ ಎರಡು ತುಂಡು ಬ್ರೆಡ್ಡು, ಮಧ್ಯಾಹ್ನ ಒಂದು ತಟ್ಟೆ ಸೌತೆಕಾಯಿ, ರಾತ್ರಿ ಬೇಯಿಸಿದ ತರಕಾರಿ. ಹಸಿವಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಮೊದಲೂ ಬರುತ್ತಿದ್ದುದರಿಂದ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ತಿಂಗಳಾದ ಮೇಲೆ ತೂಕದ ಯಂತ್ರ ಹತ್ತಿದರೆ ತೊಂಬತ್ತಾರು ಇದ್ದದ್ದು ತೊಂಬತ್ತೈದೂವರೆ ಆಗಿತ್ತು.

"ಈ ಯಂತ್ರ ಕೆಟ್ಟಿದೆ," ಎಂದಳು.

ಸೊಸೆ ಅದೇ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಳು. ಕಣ್ಣೆದುರಿಗಿದ್ದದ್ದನ್ನೂ ಅಳೆಯದೆ ನಂಬದ ಹೆಂಗಸು. ಯಂತ್ರದ ಮೇಲೆ ಐದು ಕಿಲೊದ ಉಪ್ಪಿನ ಚೀಲ ಇಟ್ಟಳು. ಸರಿಯಾಗಿ ಐದು ತೋರಿಸಿತು. ಮರುದಿನ ರಜೆ ಹಾಕಿ ಅಡುಗೆಮನೆಗೇ ಬಂದು, ಈರುಳ್ಳಿ ಮೂಟೆಯ ಮೇಲೆ ಕೂತು, ಒಲೆಯ ಪಕ್ಕ ಒಂದು ಖಾಲಿ ಪಾತ್ರೆ ಇಟ್ಟಳು.

"ಅತ್ತೆ, ರುಚಿ ನೋಡುವಾಗೆಲ್ಲ ಅಷ್ಟೇ ಪ್ರಮಾಣ ಇದಕ್ಕೂ ಹಾಕಿ."

"ರುಚಿ ನೋಡೋದೂ ತಿನ್ನೋದೂ ಒಂದೇ ಏನೇ?"

"ಹಾಕಿ ನೋಡೋಣ."

ದೊಡ್ಡಮ್ಮ ರುಚಿ ನೋಡುವ ಕ್ರಮ ಹೀಗಿತ್ತು: ಸೌಟಿನಿಂದ ಎಡ ಅಂಗೈಗೆ ಸುರಿದುಕೊಂಡು ಒಂದೇ ಸಲಕ್ಕೆ ಎಳೆದುಕೊಳ್ಳುವುದು. ಉಪ್ಪಿಗೆ ಒಂದು ಸಲ, ಖಾರಕ್ಕೆ ಒಂದು ಸಲ, ಎರಡೂ ಹೊಂದಿದವಾ ಅಂತ ಇನ್ನೊಂದು ಸಲ. ಸಿಹಿಯಿದ್ದ ದಿನ ಮನಸ್ಸಿನ ಸಮಾಧಾನಕ್ಕೆ ಮತ್ತೊಂದು. ಹೊತ್ತಿಗೆ ಐದು ಪಾತ್ರೆ, ದಿನಕ್ಕೆ ಮೂರು ಹೊತ್ತು. ಸಂಜೆಯ ಹೊತ್ತಿಗೆ ಸೊಸೆಯ ಪಾತ್ರೆ ಕಂಠದವರೆಗೆ ಬಂದು ಮೇಲೆ ಎಣ್ಣೆ ಕೆಂಪಗೆ ತೇಲುತ್ತಿತ್ತು.

ದೊಡ್ಡಮ್ಮ ಬಗ್ಗಿ ನೋಡಿದಳು. "ಮೂರು ಜನಕ್ಕಾಗುತ್ತಲ್ಲೇ ಇದು!"

"ಒಬ್ಬರದೇ ಅತ್ತೆ. ನಿಮ್ಮದು."

ಅವತ್ತು ಅವಳು ಯಾರನ್ನೂ ಬೈಯಲಿಲ್ಲ. ಅಡುಗೆಮನೆಯವರಿಗೆ ಅದೇ ಭಯವಾಯಿತು.

ಬೆಳಗಾದದ್ದೇ ಸೌಟನ್ನು ತರಕಾರಿಯಣ್ಣನ ಕೈಗೆ ಕೊಟ್ಟಳು. ಹನ್ನೊಂದು ವರ್ಷದಿಂದ ಅವಳ ಪಕ್ಕ ತರಕಾರಿ ಹೆಚ್ಚುತ್ತಿದ್ದ ಮನುಷ್ಯ, ಕೇಳಿದ್ದಕ್ಕಷ್ಟೇ ಮಾತು. "ನಾನು ಉಪ್ಪು ಹಾಕ್ತಾ ಹೋಗ್ತೀನಿ, ಸಾಕು ಅನ್ನಿಸಿದಾಗ ನೀನು ಸಾಕು ಅನ್ನು," ಎಂದಳು. ಅವಳು ಒಂದು ಹಿಡಿ ಹಾಕಿದಳು. ಅವನು ನಾಲಿಗೆಗೆ ಒಂದು ತೊಟ್ಟು ಮುಟ್ಟಿಸಿ, "ಸಾಕು," ಎಂದ.

"ಇಷ್ಟಕ್ಕೇ?"

"ಸ್ವಲ್ಪ ಜಾಸ್ತೀನೇ ಆಯ್ತು."

ತನ್ನ ಕೈಯಳತೆಯೇ ಹೆಚ್ಚಾಗಿತ್ತೇನೋ ಎಂದು ದೊಡ್ಡಮ್ಮ ಮೊದಲ ಬಾರಿಗೆ ತನ್ನನ್ನೇ ಅನುಮಾನಿಸಿದಳು. ಎರಡು ವಾರ ಹಾಗೇ ನಡೆಯಿತು. ತೂಕ ಮೂರು ಕಿಲೊ ಇಳಿಯಿತು. ತಟ್ಟೆಗಳು ಅರ್ಧ ತುಂಬಿಕೊಂಡೇ ತೊಳೆಯಲು ವಾಪಸು ಬರತೊಡಗಿದವು. ಕೊನೆಗೊಂದು ಮಧ್ಯಾಹ್ನ ಮೂಳೆ ಡಾಕ್ಟರು ತಟ್ಟೆ ಹಿಡಿದುಕೊಂಡು ಬಡಿಸುವ ಕಿಟಕಿಗೇ ಬಂದರು.

"ದೊಡ್ಡಮ್ಮ, ತಪ್ಪು ತಿಳ್ಕೋಬೇಡಿ. ಇಡೀ ಆಸ್ಪತ್ರೆಗೆ ಪಥ್ಯ ಹಾಕಿದ್ದೀರಾ? ವಾರ್ಡಿನ ರೋಗಿಗಳೇ ನಮಗಿಂತ ಚೆನ್ನಾಗಿ ತಿಂತಿದ್ದಾರೆ."

ಅವಳು ತಿರುಗಿ ತರಕಾರಿಯಣ್ಣನನ್ನು ನೋಡಿದಳು. ಅವನು ಗೋಡೆಯ ಕಡೆ ತಿರುಗಿ ತನ್ನ ಮನೆಯ ಡಬ್ಬಿಯಿಂದ ತಿನ್ನುತ್ತಿದ್ದ. ಅವಳು ಕುಂಟಿಕೊಂಡು ಹೋಗಿ ಡಬ್ಬಿಯಿಂದ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಒದ್ದೆ ಹತ್ತಿ ಜಗಿದ ಹಾಗಿತ್ತು.

"ಏನೋ ಇದು?"

"ಬಿಪಿ ಅಂತ ಉಪ್ಪು ಬಿಟ್ಟಿದ್ದೀನಿ ದೊಡ್ಡಮ್ಮ. ಒಂಬತ್ತು ವರ್ಷ ಆಯ್ತು."

"ಮತ್ತೆ ಸೌಟು ಕೊಟ್ಟಾಗ ಬಾಯಿ ಬಿಡೋಕೇನಾಗಿತ್ತು?"

"ನೀವು ಉಪ್ಪು ತಿಂತೀಯಾ ಅಂತ ಕೇಳಲಿಲ್ಲ. ಸಾಕಾ ಅಂತ ಕೇಳಿದ್ರಿ."

ಅವನ ಪಕ್ಕದಲ್ಲಿದ್ದ ಸೌಟನ್ನು ಕಿತ್ತುಕೊಂಡಳು. ಆದರೆ ಕಿತ್ತುಕೊಂಡು ಮಾಡುವುದೇನು? ನುಂಗಿದರೆ ಆಪರೇಷನ್ ದೂರ ಹೋಗುತ್ತದೆ. ನುಂಗದಿದ್ದರೆ ಅಡುಗೆ ಹಳ್ಳ ಹಿಡಿಯುತ್ತದೆ. ಹತ್ತು ನಿಮಿಷ ಸೌಟು ಹಿಡಿದು ಒಲೆಯ ಮುಂದೆ ನಿಂತಳು. ಸೊಂಟ ಕೊಡಲಿಯೇಟು ಬಿದ್ದ ಹಾಗೆ ಸೆಳೆಯಿತು. ಪಾತ್ರೆಗೆ ಇನ್ನೊಂದು ಹಿಡಿ ಉಪ್ಪು ಹಾಕಿ ಕದಡಿ, ಅಂಗೈಗೆ ಸುರಿದುಕೊಂಡು ಬಾಯಿತುಂಬ ಎಳೆದುಕೊಂಡಳು. ಉಪ್ಪು, ಖಾರ, ಹುಳಿ ಎಲ್ಲ ಅದರದರ ಜಾಗದಲ್ಲಿದ್ದವು. ಎರಡು ವಾರದ ಮೇಲೆ ಸಿಕ್ಕಿದ ರುಚಿ. ನುಂಗು ನುಂಗು ಎಂದು ಗಂಟಲು ಗೋಗರೆಯಿತು. ಅವಳು ಸಿಂಕಿನವರೆಗೆ ಕುಂಟಿಕೊಂಡು ಹೋಗಿ, ಕಣ್ಣು ಮುಚ್ಚಿ, ಪೂರ್ತಿ ಉಗುಳಿಬಿಟ್ಟಳು.

ಕಣ್ಣು ಬಿಟ್ಟರೆ, ಬಡಿಸುವ ಕಿಟಕಿಯ ಆಚೆ ಮೂವತ್ತು ಜನರ ಸಾಲು ಅವಳನ್ನೇ ನೋಡುತ್ತಿತ್ತು. ಇಬ್ಬರು ನರ್ಸುಗಳು ತಟ್ಟೆಯನ್ನು ಸದ್ದಾಗದಂತೆ ಕೆಳಗಿಟ್ಟರು. ಸಾಲು ಹಿಂದಿನಿಂದ ಕರಗತೊಡಗಿತು.

"ನಿಲ್ರೀ!" ದೊಡ್ಡಮ್ಮ ಕೂಗಿದಳು. "ಚೆನ್ನಾಗಿದೆ! ಚೆನ್ನಾಗಿರೋದಕ್ಕೇ ಉಗುಳಿದ್ದು!"

ಇಂಥ ಸಮಜಾಯಿಷಿಯನ್ನು ಆ ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲ. ಕದಲದೆ ನಿಂತವರು ಮೂಳೆ ಡಾಕ್ಟರು ಒಬ್ಬರೇ. ಅವರು ತಟ್ಟೆ ಮುಂದೆ ಚಾಚಿ, "ಹಾಕಿ," ಎಂದರು. ಒಂದು ತುತ್ತು ತಿಂದರು. ತಟ್ಟೆ ಮತ್ತೆ ಚಾಚಿದರು. ಸಾಲು ಮುಂದಿನಿಂದ ಮತ್ತೆ ಕಟ್ಟಿಕೊಂಡಿತು.

ಅಲ್ಲಿಂದಾಚೆ ದಿನಾ ಅದೇ ಶಿಕ್ಷೆ. ರುಚಿಯಾಗಿ ಬೇಯಿಸುವುದು, ಬಾಯಿಗೆ ಹಾಕಿಕೊಂಡು ಉಗುಳುವುದು. ಅಡುಗೆ ಬಹಳ ಚೆನ್ನಾದ ದಿನ ಅವಳ ಮುಖ ಹೆಚ್ಚು ಗಂಟಿಕ್ಕಿರುತ್ತಿತ್ತು. ಕಿಟಕಿಯಲ್ಲಿ ನಿಂತವರು ಅದನ್ನು ನೋಡಿ, ಇವತ್ತು ಜಾಸ್ತಿ ಬಡಿಸಿಕೊಳ್ಳಬೇಕೆಂದು ಲೆಕ್ಕ ಹಾಕಲು ಕಲಿತರು.

ಮೂರು ತಿಂಗಳು ತುಂಬಿದ ದಿನ ಸೊಸೆಯ ಜೊತೆ ಡಾಕ್ಟರ ಕೋಣೆಗೆ ಹೋಗಿ, ಚಪ್ಪಲಿ, ಕೀಗೊಂಚಲು, ಕನ್ನಡಕ ಎಲ್ಲ ಬಿಚ್ಚಿಟ್ಟು ಯಂತ್ರ ಹತ್ತಿದಳು. ಎಂಬತ್ತೆಂಟಾಗಬೇಕಿತ್ತು. ಎಂಬತ್ತೊಂಬತ್ತೂ ಚಿಲ್ಲರೆ ತೋರಿಸಿತು. ಅವಳು ಇಳಿಯಲಿಲ್ಲ. ಇನ್ನೊಂದು ನಿಮಿಷ ನಿಂತರೆ ಯಂತ್ರವೇ ಮನಸ್ಸು ಬದಲಾಯಿಸೀತು ಎಂಬ ಹಾಗೆ ಗಟ್ಟಿಯಾಗಿ ನಿಂತಳು.

"ಒಂದು ಕಿಲೊ ಮೇಲಿದೆ ಡಾಕ್ಟ್ರೇ," ಎಂದಳು. ದನಿ ಬೇಡವೆಂದರೂ ಸಣ್ಣಗಾಗಿತ್ತು. "ಆಗಲ್ಲ ಅನ್ನಿ."

ಡಾಕ್ಟರು ಸೊಸೆಯ ಲ್ಯಾಬಿನಿಂದ ಬಂದ ವರದಿಯನ್ನು ನಿಧಾನವಾಗಿ ಓದಿದರು. "ಸಕ್ಕರೆ ಚೆನ್ನಾಗಿ ಹತೋಟಿಗೆ ಬಂದಿದೆ. ಅದೇ ಮುಖ್ಯ. ಎಂಟು ಅನ್ನೋದು ಗೋಡೆ ಅಲ್ಲ ದೊಡ್ಡಮ್ಮ, ಈ ಕಡೆ ಇದ್ರೆ ಸಾವು, ಆ ಕಡೆ ಇದ್ರೆ ಬದುಕು ಅನ್ನೋಕೆ. ಮುಂದಿನ ಮಂಗಳವಾರ ಬಂದು ಸೇರ್ಕೊಳ್ಳಿ."

ಅವಳು ಯಂತ್ರದಿಂದ ಇಳಿದಳು. ಮೊದಲು ಅಳು ಬಂದಂತಾಯಿತು, ಅದನ್ನು ಹಿಂದೆ ತಳ್ಳಿ ಸಿಟ್ಟು ಬಂತು.

"ಗೋಡೆ ಅಲ್ಲ ಅಂತ ಮೊದಲೇ ಹೇಳಬಾರದಿತ್ತಾ? ಎಂಥೆಂಥಾ ಅಡುಗೆ ಸಿಂಕಿಗೆ ಉಗುಳಿದೀನಿ ಗೊತ್ತಾ ನಿಮಗೆ?"

"ಹೇಳಿದ್ರೆ ನಾಲ್ಕಕ್ಕೇ ನಿಲ್ಲಿಸ್ತಿದ್ರಿ."

ದೊಡ್ಡಮ್ಮ ಕನ್ನಡಕ ಏರಿಸಿಕೊಂಡು, ಚಪ್ಪಲಿಗಾಗಿ ಸೊಸೆಯ ಕಡೆ ಕಾಲು ಚಾಚಿದಳು. ಎರಡಕ್ಕೇ ನಿಲ್ಲಿಸುತ್ತಿದ್ದೆ ಎಂಬುದನ್ನು ಅವಳು ಇಬ್ಬರಿಗೂ ಹೇಳಲಿಲ್ಲ.