ಮೂರನೇ ಪುಟದ ಕಿಟಕಿ

ಈ ಕಾಲೇಜಿನ ಗ್ರಂಥಾಲಯದಲ್ಲಿರುವ ನಲವತ್ತು ವರ್ಷದ ದಿನಪತ್ರಿಕೆಗಳನ್ನು ನಾನು ಬರೀ ಓದಿದವನಲ್ಲ, ಕುಡಿದವನು. ಊಟವಾದ ಮೇಲೆ ತೇಗಿದರೆ ಸಂಪಾದಕೀಯ ಬರುತ್ತದೆ, ಸೀನಿದರೆ ಮಾರುಕಟ್ಟೆ ಧಾರಣೆ. ಒಮ್ಮೆ ನನ್ನ ಗೊರಕೆಯಲ್ಲಿ ಮೂರು ವಾರದ ಹವಾಮಾನ ವರದಿ ತಪ್ಪಿಲ್ಲದೆ ಹೊರಟಿತ್ತು. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ. ಬೇಡ, ಕೇಳಬೇಡಿ, ಅವಳಿಗೆ ಮರೆವು. ಎರಡನೇ ಮಹಡಿಯ ಪತ್ರಿಕೋದ್ಯಮ ವಿಭಾಗಕ್ಕೆ ನಾನು ಕಾಲಿಟ್ಟ ದಿನವೇ ಅಲ್ಲಿನ ಗೆದ್ದಲುಗಳು ಗಂಟುಮೂಟೆ ಕಟ್ಟಿಕೊಂಡು ಗಣಿತ ವಿಭಾಗಕ್ಕೆ ಹೊರಟುಹೋದವು.

ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ವಿಭಾಗ ತೋರಿಸುವ ಕೆಲಸ ನನ್ನದು. ತಿಂಗಳಿಗೊಂದರಂತೆ ರಟ್ಟು ಹಾಕಿ ಹೊಲಿದ ಪತ್ರಿಕೆಗಳು ಇಲ್ಲಿ, ವಿಷಯವಾರು ಕತ್ತರಿಸಿ ಅಂಟಿಸಿದ ಸುದ್ದಿತುಣುಕುಗಳ ಡಬ್ಬಗಳು ಅಲ್ಲಿ, ರೇಡಿಯೋ ಕಾರ್ಯಕ್ರಮಗಳ ಕ್ಯಾಸೆಟ್ಟು, ವರದಿ ಬರೆಯುವ ಬಗೆ ಕಲಿಸುವ ಪುಸ್ತಕಗಳು ಆ ಕಪಾಟಿನಲ್ಲಿ. ಇಷ್ಟು ಹೇಳಲು ಹತ್ತು ನಿಮಿಷ ಸಾಕು. ನಾನು ಒಂದೂವರೆ ಗಂಟೆ ತೆಗೆದುಕೊಳ್ಳುತ್ತಿದ್ದೆ. ಉಳಿದ ಹೊತ್ತೆಲ್ಲ ಬೆಂಕಿಗೆ ಹೋಗುತ್ತಿತ್ತು.

ಬೆಂಕಿ ಎಂದರೆ ಇಪ್ಪತ್ತಾರು ವರ್ಷದ ಹಿಂದೆ ನಮ್ಮ ಊರಿನ ಚಿತ್ರಮಂದಿರಕ್ಕೆ ಬಿದ್ದ ಬೆಂಕಿ. ಆಗ ನಾನು ಪತ್ರಿಕೆಯೊಂದರ ವರದಿಗಾರ, ಆಮೇಲೆ ನಾನಾಗಿ ಆ ಕೆಲಸ ಬಿಟ್ಟು ಇಲ್ಲಿಗೆ ಬಂದವನು. ಆ ತಿಂಗಳ ದಪ್ಪ ಸಂಪುಟವನ್ನು ಮೇಜಿನ ಮೇಲೆ ಧೊಪ್ಪೆಂದು ಇಟ್ಟು, ಮುಖಪುಟ ತೆರೆದು, "ನೋಡಿ ಮಕ್ಕಳಾ, ಜ್ವಾಲೆಯ ಮಧ್ಯೆ ನಿಂತು ಬರೆದಿದ್ದು ಇದು. ಪೆನ್ನಿನ ಮುಚ್ಚಳ ಕರಗಿ ಕೈಗೆ ಅಂಟಿಕೊಂಡಿತ್ತು. ಆದ್ರೂ ಒಂದು ಅಕ್ಷರ ತಪ್ಪಲಿಲ್ಲ!" ಎನ್ನುತ್ತಿದ್ದೆ. 'ಗೇಟಿಗೆ ಬೀಗ ಜಡಿದು ಪರಾರಿಯಾದ ಕಾವಲುಗಾರ' ಎಂಬುದು ಆ ವರದಿಯ ತಲೆಬರಹ. ಹುಡುಗರು ಬಾಯಿ ತೆರೆದು ನೋಡುತ್ತಿದ್ದರು. ಮೂಲೆಯಲ್ಲಿ ಸೂಜಿ ದಾರ ಹಿಡಿದು ಕೂತ ನಮ್ಮ ಬೈಂಡರ್ ಅಣ್ಣ ಮಾತ್ರ, "ಹೋದ ವರ್ಷ ಬರೀ ಅಂಗಿ ಸುಟ್ಟಿತ್ತಲ್ಲೋ ಬಡಾಯಿ? ಈ ವರ್ಷ ಪೆನ್ನೂ ಕರಗಿತಾ?" ಎಂದು ಕಿಚಾಯಿಸುತ್ತಿದ್ದ.

ನನ್ನ ಬಡಾಯಿ ನನ್ನ ಕಾಲಿಗೇ ಸುತ್ತಿಕೊಂಡದ್ದು ಈ ವರ್ಷ.

ಅಂತಿಮ ವರ್ಷದ ಹುಡುಗಿಯೊಬ್ಬಳಿದ್ದಳು. ಬಾಯಿ ತೆರೆದರೆ ಪ್ರಶ್ನೆಯೇ, ಅದಕ್ಕೆ ನಾನವಳಿಗೆ ಇಟ್ಟ ಹೆಸರು ಪ್ರಶ್ನೆಚಿಹ್ನೆ. ಒಂದು ದಿನ ನನ್ನ ಮೇಜಿನೆದುರು ಬಂದು ನಿಂತಳು.

"ಸರ್, ನನ್ನ ಪ್ರಬಂಧಕ್ಕೆ ವಿಷಯ ಸಿಕ್ತು. ಎಲ್ಲಾ ನಿಮ್ಮಿಂದಾನೇ."

"ನನ್ನಿಂದ ಸಿಗದೆ ಇನ್ಯಾರಿಂದ ಸಿಗುತ್ತಮ್ಮಾ? ಏನು ವಿಷಯ?"

"ಮೊದಲ ವರ್ಷ ನೀವು ಹೇಳಿದ್ರಲ್ಲ, ಆ ಬೆಂಕಿ. ನಿಮ್ಮ ವರದಿ ಓದಿ ಜನ ಸಂಪಾದಕರಿಗೆ ಏನೇನು ಪತ್ರ ಬರೆದ್ರು ಅಂತ ನೋಡ್ತೀನಿ. ಒಂದು ಸುದ್ದಿ ಜನರನ್ನ ಹೇಗೆ ಕೆರಳಿಸುತ್ತೆ ಅನ್ನೋದು."

ಜೇಬಿನಲ್ಲಿದ್ದ ಕನ್ನಡಕದ ಪೆಟ್ಟಿಗೆ ಮುಟ್ಟಿ ನೋಡಿಕೊಂಡೆ. "ಪತ್ರಗಳಲ್ಲಿ ಏನಿದೆ, ಕಡಲೆಕಾಯಿ ಸಿಪ್ಪೆ. ಜಾಹೀರಾತಿನ ಮೇಲೆ ಮಾಡು, ಚೆನ್ನಾಗಿರುತ್ತೆ" ಎಂದೆ. ಅವಳು ನಕ್ಕು, ಸಂಪುಟ ಓದುವವರ ದಾಖಲೆ ಪುಸ್ತಕದಲ್ಲಿ ಸಹಿ ಹಾಕಿ, ಸಂಪುಟ ಹೊತ್ತುಕೊಂಡು ಕಿಟಕಿ ಪಕ್ಕ ಕೂತಳು.

ಮೂರನೇ ದಿನ ಮಧ್ಯಾಹ್ನ ಅವಳ ದನಿ ಕೇಳಿತು. "ಸರ್, ಇಲ್ಲೊಂದು ತೂತಿದೆ."

ನಾಲ್ಕನೇ ಪುಟ, ವಾಚಕರ ಪತ್ರಗಳ ಅಂಕಣ. ಅದರ ನಡುವೆ ಬೆಂಕಿಪೊಟ್ಟಣದಷ್ಟು ಅಗಲದ ಚೌಕ ಕಿಟಕಿ. ಒಂದು ಪತ್ರದ ಮೊದಲ ಸಾಲು ಉಳಿದಿತ್ತು, ಹೊಟ್ಟೆಯೇ ಇರಲಿಲ್ಲ. ಹಾಳೆಗೆ ಎರಡು ಮಗ್ಗುಲಿರುತ್ತದೆ. ದಿನವಿಡೀ ಪತ್ರಿಕೆ ಕತ್ತರಿಸುವ ನನ್ನಂಥವನಿಗೆ ಇದು ಮೊದಲ ಪಾಠ. ಒಂದು ಕಡೆಯ ಸುದ್ದಿ ತೆಗೆದರೆ ಇನ್ನೊಂದು ಕಡೆಯದು ಸಾಯುತ್ತದೆ, ಅದಕ್ಕೇ ಗ್ರಂಥಾಲಯ ಎರಡೆರಡು ಪ್ರತಿ ತರಿಸುತ್ತದೆ, ಒಂದು ಕತ್ತರಿಸಲು, ಒಂದು ಹೊಲಿದಿಡಲು. ಹೊಲಿದದ್ದಕ್ಕೆ ಬ್ಲೇಡು ಮುಟ್ಟಿಸುವಂತಿಲ್ಲ. ಆ ಪತ್ರಿಕೆಯೋ ಎಂದೋ ಮುಚ್ಚಿತ್ತು, ಅದರ ಕಚೇರಿಯ ಪ್ರತಿಗಳೆಲ್ಲ ರದ್ದಿಗೆ ಹೋಗಿದ್ದವು. ಉಳಿದದ್ದು ಇದೊಂದೇ.

ಅವಳ ದನಿಗೆ ಗ್ರಂಥಪಾಲಕಿ ಮೇಡಂ ತಮ್ಮ ಕೋಣೆಯಿಂದ ಎದ್ದು ಬಂದರು. ಕನ್ನಡಕ ಏರಿಸಿ ಕಿಟಕಿ ನೋಡಿದರು. ದಾಖಲೆ ಪುಸ್ತಕ ತರಿಸಿ ಹಾಳೆ ಮಗುಚಿದರು. ಎಷ್ಟೋ ವರ್ಷಗಳಿಂದ ಆ ಸಂಪುಟಕ್ಕೆ ಎರಡೇ ಬಗೆಯ ಸಹಿ. ವರ್ಷಕ್ಕೊಮ್ಮೆ ನನ್ನದು, ಈಗ ಮೂರು ದಿನದಿಂದ ಅವಳದು.

"ಪೌಚ್ ತೆಗೀಮ್ಮ."

ಅವಳು ಪೌಚನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಎರಡು ಪೆನ್ಸಿಲ್, ಒಂದು ರಬ್ಬರ್, ಕಾಗದದಲ್ಲಿ ಸುತ್ತಿದ ಅರ್ಧ ಬ್ಲೇಡ್.

"ಇದು ಪೆನ್ಸಿಲ್ ಚೂಪು ಮಾಡೋಕೆ ಮೇಡಂ! ತೂತಿದೆ ಅಂತ ಹೇಳಿದ್ದೇ ನಾನಲ್ವಾ?"

"ಕದ್ದೋರು ಮೊದಲು ಕೂಗೋದನ್ನ ನಾನೂ ನೋಡಿದೀನಿ. ಕಾರ್ಡ್ ಕೊಡು. ವಿಚಾರಣೆ ಮುಗಿಯೋ ತನಕ ಗ್ರಂಥಾಲಯದ ಸಹಿ ಸಿಗಲ್ಲ."

ಆ ಸಹಿ ಇಲ್ಲದಿದ್ದರೆ ಪರೀಕ್ಷೆಯ ಪ್ರವೇಶಪತ್ರ ಇಲ್ಲ. ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು. ಹುಡುಗಿ ನನ್ನ ಕಡೆ ತಿರುಗಿದಳು. "ಸರ್, ನೀವಾದ್ರೂ ಹೇಳಿ."

ಗೋಡೆಯನ್ನೂ ಮಾತಾಡಿಸಿ ಚಪ್ಪಾಳೆ ಗಿಟ್ಟಿಸುವ ನಾನು ಆಗ ಹೇಳಿದ್ದು ಒಂದೇ ವಾಕ್ಯ. ಬರೆಯಲೂ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ.

"ಈಗಿನ ಮಕ್ಕಳೇ ಹೀಗೆ ಮೇಡಂ."

ಅವಳು ಅಳಲಿಲ್ಲ. ಕಾರ್ಡು ಕೊಟ್ಟು, ರಬ್ಬರು ಪೆನ್ಸಿಲುಗಳನ್ನು ಒಂದೊಂದಾಗಿ ಪೌಚಿಗೆ ತುಂಬಿಕೊಂಡಳು. ಅತ್ತಿದ್ದರೆ ಎಲ್ಲೋ ನೋಡಿಕೊಂಡು ಕೂರಬಹುದಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು, ಲೆಕ್ಕ ತಪ್ಪಿದ್ದೆಲ್ಲಿ ಎಂದು ಹುಡುಕುವವಳ ಹಾಗೆ.

ಮೇಡಂ ಬೈಂಡರ್ ಅಣ್ಣನನ್ನು ಕರೆದರು. "ಇದಕ್ಕೊಂದು ತೇಪೆ ಹಾಕಿಕೊಡಿ. ಹಾಗೇ, ಎಂಥ ಬ್ಲೇಡಲ್ಲಿ ಕೊಯ್ದಿದ್ದು ಅಂತಾನೂ ನೋಡಿ."

ಅಣ್ಣ ಬಂದ. ಬಾಗಿ, ಹಾಳೆಯನ್ನು ಬೆಳಕಿಗೆ ಹಿಡಿದು, ಕಿಟಕಿಯ ಅಂಚನ್ನು ಉಗುರಿನಿಂದ ಸವರಿದ.

"ಮೇಡಂ, ಹುಡುಗಿ ವಯಸ್ಸೆಷ್ಟು?"

"ಇಪ್ಪತ್ತೊಂದು," ಎಂದಳು ಅವಳೇ.

"ಈ ತೂತಿಗೆ ನಿನಗಿಂತ ಜಾಸ್ತಿ ವಯಸ್ಸಮ್ಮ. ಹೊಸದಾಗಿ ಕೊಯ್ದಿದ್ರೆ ಅಂಚು ಬೆಳ್ಳಗಿರುತ್ತೆ. ಇದು ನೋಡಿ, ಹಾಳೆಯಷ್ಟೇ ಕಂದಾಗಿದೆ." ಅಣ್ಣ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಇನ್ನೊಂದು. ಬಲಗೈಯೋರು ಕೊಯ್ದಾಗ ಗೀರು ಬಲಗಡೆ ಮೂಲೆ ದಾಟುತ್ತೆ. ಬ್ಲೇಡು ಇಳಿದಿರೋ ಮೂರನೇ ಪುಟದ ಕಡೆ ತಿರುಗಿಸಿ ನೋಡಿದ್ರೆ ಇದು ಎಡಕ್ಕೆ ದಾಟಿದೆ. ಹಾಗೆ ದಾಟಿದ ಹಾಳೆ ನನಗೆ ಹೊಸದಲ್ಲ. ಇಪ್ಪತ್ತೈದು ವರ್ಷದಿಂದ ರಟ್ಟಿನ ಒಳಗೆ ಅಂಟಿಸ್ತಿರೋದು ಆ ಹಾಳೆಗಳನ್ನೇ, ಸುದ್ದಿ ಕತ್ತರಿಸಿ ಉಳಿದದ್ದನ್ನ."

ಅವನು ನನ್ನ ಕೈ ನೋಡಿದ. ನನ್ನ ಎಡಗೈಯಲ್ಲಿ ಪೆನ್ನಿತ್ತು.

"ಬಡಾಯಿ," ಎಂದ. ಈ ಸಲ ಅದರಲ್ಲಿ ತಮಾಷೆ ಇರಲಿಲ್ಲ. "ಮಗಳ ವಯಸ್ಸಿನೋಳು ಕಣೋ."

ಜೇಬಿನಿಂದ ಕನ್ನಡಕದ ಪೆಟ್ಟಿಗೆ ತೆಗೆದೆ. ಅದರ ಒಳವಸ್ತ್ರದ ಅಡಿಯಿಂದ ಬೆಂಕಿಪೊಟ್ಟಣದಷ್ಟು ಅಗಲದ ತುಣುಕು ತೆಗೆದು ಮೇಜಿನ ಮೇಲಿಟ್ಟೆ. ಮಡಿಸಿ ಮಡಿಸಿ ಅದರ ನಡುಗೆರೆ ಸವೆದಿತ್ತು.

"ಓದಿ," ಎಂದರು ಮೇಡಂ.

"ಮೇಡಂ, ಅದು..."

"ಗಟ್ಟಿಯಾಗಿ ಓದಿ. ಒಂದೂವರೆ ಗಂಟೆ ಮಾತಾಡ್ತೀರಲ್ಲ, ಇದು ನಾಲ್ಕೇ ಸಾಲಿದೆ."

ಮೂರನೇ ಪುಟದ ಮಗ್ಗುಲನ್ನು ಓದಿದೆ. "ತಿದ್ದುಪಡಿ. ಚಿತ್ರಮಂದಿರದ ಕಾವಲುಗಾರರು ಗೇಟಿಗೆ ಬೀಗ ಹಾಕಿ ಪರಾರಿಯಾದರೆಂಬ ನಮ್ಮ ವರದಿ ತಪ್ಪು. ಅವರು ಗೇಟು ಒಡೆದು ಪ್ರೇಕ್ಷಕರನ್ನು ಹೊರತಂದಿದ್ದು, ಎರಡೂ ಕೈ ಸುಟ್ಟುಕೊಂಡು ಆಸ್ಪತ್ರೆಯಲ್ಲಿದ್ದಾರೆ. ವಿಷಾದಿಸುತ್ತೇವೆ."

ಹುಡುಗಿ ತುಣುಕನ್ನು ಎತ್ತಿ ಮಗುಚಿ, ಹಿಂದಿದ್ದ ಪತ್ರವನ್ನು ಮೆಲ್ಲಗೆ ಓದಿದಳು. ಯಾರೋ ಒಬ್ಬ ತಾಯಿ ಬರೆದದ್ದು. ಅಂಥ ಕಾವಲುಗಾರನ ಕೈಗಳು ಸುಡಬೇಕು, ಅವನ ಮನೆಗೆ ಕಲ್ಲು ತೂರಿದವರದ್ದು ತಪ್ಪೇನಿಲ್ಲ ಎಂದಿತ್ತು.

"ಸರ್, ಬೆಂಕಿ ಬಿದ್ದಾಗ ನೀವೆಲ್ಲಿದ್ರಿ?"

ಇಪ್ಪತ್ತೈದು ಬ್ಯಾಚಿನಲ್ಲಿ ಯಾರೂ ಕೇಳದ ಪ್ರಶ್ನೆ.

"ಕಚೇರಿ ಕ್ಯಾಂಟೀನಿನಲ್ಲಿ," ಎಂದೆ. "ಹೊಗೆ ಕೂಡ ಕಾಣ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ಯಾರೋ ಹೇಳ್ತಿದ್ರು, ಕಾವಲುಗಾರ ಓಡಿಹೋದನಂತೆ ಅಂತ. 'ಅಂತೆ' ಬಿಟ್ಟು ಮಿಕ್ಕಿದ್ದೆಲ್ಲ ಬರೆದೆ. ತಿದ್ದುಪಡಿ ಬಂದ ದಿನವೇ ಪತ್ರಿಕೆಯೋರು ನನ್ನನ್ನ ಹೊರಗೆ ಹಾಕಿದ್ರು. ನಾನಾಗಿ ಬಿಟ್ಟೆ ಅಂತ ಹೇಳ್ತಿದ್ದೆನಲ್ಲ, ಸುಳ್ಳು. ಮುಂದಿನ ವರ್ಷ ಇಲ್ಲಿ ಕೆಲಸ ಸಿಕ್ತು. ಮೊದಲ ವಾರದಲ್ಲೇ ಇದನ್ನ ಕೊಯ್ದೆ. ಹಿಂದುಗಡೆ ಏನಿದೆ ಅಂತ ನೋಡಲೂ ಇಲ್ಲ."

"ವರದಿ ಹಾಗೇ ಬಿಟ್ರಿ," ಎಂದಳು ಅವಳು.

"ಬಿಟ್ಟೆ."

"ಪ್ರತಿ ವರ್ಷ ನಮಗೆ ತೋರಿಸಿದ್ರಿ."

"ಹೂಂ."

ಮೇಡಂ ಅವಳ ಕಾರ್ಡನ್ನು ಅವಳ ಮುಂದಿಟ್ಟರು. ಅವಳು ಅದನ್ನು ಮುಟ್ಟಲಿಲ್ಲ. ಕೈಯಲ್ಲಿದ್ದ ತುಣುಕನ್ನೇ ನೋಡುತ್ತಿದ್ದಳು.

"ಸರ್, ಆ ಕಾವಲುಗಾರರು ಆಮೇಲೆ ಏನಾದ್ರು?"

ನಲವತ್ತು ವರ್ಷದ ಪತ್ರಿಕೆ ಕುಡಿದವನೆಂದು ಮೊದಲಲ್ಲಿ ಹೇಳಿದೆನಲ್ಲ, ಅದನ್ನು ಹೊಡೆದುಹಾಕಿ. ನನಗೆ ಬಾಯಿಪಾಠವಿದ್ದದ್ದು ಆ ನಾಲ್ಕು ಸಾಲು ಮಾತ್ರ.

"ಗೊತ್ತಿಲ್ಲಮ್ಮ," ಎಂದೆ. "ಅವರ ಮನೆ ಇದ್ದದ್ದು ಇಲ್ಲಿಂದ ನಾಲ್ಕು ಬೀದಿ ಆಚೆ. ಒಂದು ದಿನಾನೂ ಹೋಗಿ ಕೇಳಲಿಲ್ಲ."