ಎಡ ಎದೆಯ ಪಟ್ಟಿ

ಹಸಿವಿಗಿಂತ ಗೆನ್ಯಾಳ ಬಿಳಿ ಏಪ್ರನ್ನೇ ಹೊಟ್ಟೆಯನ್ನು ಹೆಚ್ಚು ಸುಡುತ್ತದಲ್ಲ, ಇದೆಂಥ ಮನಸ್ಸು ತನ್ನದು? ಸೋಪಿನ ಕಾಗದದ ಒಳಮೈಮೇಲೆ ಇಷ್ಟು ಗೀಚಿ ತೆಕ್ಲಾ ಅದನ್ನು ಲಂಗದ ಮಡಿಕೆಗೆ ತುರುಕಿಕೊಂಡಳು. ಪೋಲೆಂಡಿನಲ್ಲಿ ಪದವಿ ಮುಗಿಸಿದ ಹುಡುಗಿ. ಈಗ ಜರ್ಮನಿಯಲ್ಲಿ, ನಾತ್ಸಿಗಳ ಪ್ರಾಂತಾಧಿಪತಿ ಟ್ರೆಪ್ಲಿನ್‌ನ ಬಂಗಲೆಯಲ್ಲಿ ಬಟ್ಟೆ ಒಗೆಯುವ ಜೀತದಾಳು. ತನ್ನ ಜೊತೆಗೇ ಒಂದೇ ಲಾರಿಯಲ್ಲಿ ಹಿಡಿದು ತಂದ ಗೆನ್ಯಾಳಿಗೆ ಮಾತ್ರ ಮಹಡಿಯ ಕೆಲಸ, ಒಣ ಹಾಸಿಗೆ, ಲೋಟ ತುಂಬ ಹಾಲು.

"ಅವ್ಳ ಮೊಕ ಚೆಂದಾಗೈತೆ ಬಿಡೇ. ನಿಂದು ಹಿಂಡಾಕಿದ್ ಬಟ್ಟೆ ಇದ್ದಂಗೈತೆ," ಜೊತೆಗೆ ಒಗೆಯುವ ಮುದುಕಿ ಪೆಲಾಗ್ಯಾ ಹಬೆಯ ಹಂಡೆಯ ಆಚೆಯಿಂದ ನಕ್ಕಳು. "ಈ ಟ್ರೆಪ್ಲಿನ್ ಬಡ್ಡೀಮಗ ಏನ್ ಹುಟ್ತಾನೇ ದೊರೆಯಾ? ದನದ ಸಂತೇಲಿ ಸುಂಕದ ಚೀಟಿ ಹರೀತಿದ್ದನಂತೆ. ಮೆರವಣಿಗೆ ಸೇರ್ಕಂಡ, ಬೂಟ್ ಬಂತು. ಯೆಹೂದಿ ಧಣೀನ ಬೀದಿಗ್ ತಳ್ದ, ಬಂಗ್ಲೆ ಬಂತು."

ಪೋಲೆಂಡಿನ ಆಳುಗಳೆಲ್ಲ ಪಿ ಅಕ್ಷರದ ಹಳದಿ ಪಟ್ಟಿಯನ್ನು ಎದೆಯ ಬಲಗಡೆ ಹೊಲಿದುಕೊಳ್ಳಲೇಬೇಕಿತ್ತು. ಒಂದು ದಿನ ಕೋಟು ಒಗೆದ ಗಡಿಬಿಡಿಯಲ್ಲಿ ತೆಕ್ಲಾ ಅದನ್ನು ಎಡಗಡೆ ಹೊಲಿದುಬಿಟ್ಟಳು. ಅಂಗಳದಲ್ಲಿ ಟ್ರೆಪ್ಲಿನ್ ನಿಂತ. ಹಿಂದೆ ಅವನ ಕೈಚೀಲ ಹಿಡಿದ ಗೆನ್ಯಾ.

"ಏನೇ ಮುಂಡೆ ಇದು? ಎಡಗಡೆ ಪದಕದ ಜಾಗ. ನಾಯಿಗಳ್ದು ಬಲಗಡೆ." ಕೆನ್ನೆಗೆ ಬಾರಿಸಿದ. ಪಟ್ಟಿ ಕಿತ್ತು ಅವಳ ಬಾಯಿಗೆ ತುರುಕಿದ. "ಕಚ್ಕೊಂಡ್ ನಿಂತ್ಕೋ, ಸಂಜೆವರೆಗೆ."

ಗೆನ್ಯಾ ನಕ್ಕಳು. ಕೆನ್ನೆಯ ಬಿಸಿ ಎರಡು ದಿನಕ್ಕೆ ಆರಿತು. ಆ ನಗು ಆರಲಿಲ್ಲ.

ಯುದ್ಧದ ಕೊನೆಯ ಏಪ್ರಿಲ್‌ನಲ್ಲಿ ಫಿರಂಗಿಗಳ ಸದ್ದು ಹತ್ತಿರವಾಯಿತು. ದೊರೆಸಾನಿ ಬೆಳ್ಳಿ ಸಾಮಾನು ಹೇರಿಕೊಂಡು ಕಾರಿನಲ್ಲಿ ಹೋದಳು, ಗಂಡನಿಗೆ ಕಾಯಲಿಲ್ಲ. ಮರುದಿನ ಹಂಡೆಯ ಒಲೆಯ ಬೂದಿ ಕೆದಕಿದಾಗ ಪೆಲಾಗ್ಯಾಳಿಗೆ ಸಮವಸ್ತ್ರದ ಹಿತ್ತಾಳೆ ಗುಂಡಿಗಳು ಸಿಕ್ಕವು.

ಮಧ್ಯಾಹ್ನ ಅಮೆರಿಕದ ಸೈನಿಕರು ಬಂದು ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಅವರಲ್ಲಿ ಪೋಲಿಷ್ ಬರುತ್ತಿದ್ದ ಒಬ್ಬ, ಯಾರು ಯಾರೆಂದು ಒಬ್ಬೊಬ್ಬರನ್ನೇ ವಿಚಾರಿಸುತ್ತ ಬಂದ. ಸಾಲಿನ ಕೊನೆಗೆ ತಲೆ ಬೋಳಿಸಿಕೊಂಡು ಹರಕು ಕೋಟು ತೊಟ್ಟ ಒಬ್ಬ. ಅವನಿಗೆ ಅಂಟಿಕೊಂಡು ಗೆನ್ಯಾ.

"ನಮ್ ಚಿಕ್ಕಪ್ಪ ಕಣಣ್ಣ. ಮೂಗ," ಎಂದಳು.

ಟ್ರೆಪ್ಲಿನ್! ಪೆಲಾಗ್ಯಾ ನೆಲ ನೋಡಿದಳು. ಎಲ್ಲರೂ ನೆಲ ನೋಡಿದರು. ಐದು ವರ್ಷದ ಭಯ ಒಂದು ಮಧ್ಯಾಹ್ನಕ್ಕೆ ಬಿಡುತ್ತದೆಯೇ?

ಈಗಲೂ ಅವಳನ್ನೇ ಆರಿಸಿಕೊಂಡನಲ್ಲ, ತೆಕ್ಲಾಳಿಗೆ ಮೊದಲು ಚುಚ್ಚಿದ್ದು ಅದೇ! ನಾಚಿಕೆಯಾಯಿತು. ತಾನು ಬಾಯಿ ಬಿಟ್ಟರೆ ಅವನನ್ನು ಬಚ್ಚಿಟ್ಟ ತಪ್ಪಿಗೆ ಗೆನ್ಯಾಳೂ ಜೈಲಿಗೆ ಹೋಗುತ್ತಾಳೆ. ಹೋಗಲಿ ಅಂತಲೇ ತಾನು ಬಾಯಿ ಬಿಡುವುದೇ?

ಆಗ ಕಂಡಿತು. ಗೆನ್ಯಾ ಅವನ ಕೈ ಹಿಡಿದಿರಲಿಲ್ಲ. ಅವನೇ ಅವಳ ಮಣಿಕಟ್ಟು ಹಿಡಿದಿದ್ದ. ಅವಳ ಬೆರಳುಗಳು ನೀಲಿಗಟ್ಟಿದ್ದವು.

ಆಮೇಲೆ ಅವನ ಎದೆಯ ಪಟ್ಟಿ ನೋಡಿದಳು. ಎದುರು ನಿಂತವರ ಮೈಮೇಲೆ ಆ ಪಟ್ಟಿಯನ್ನು ಐದು ವರ್ಷ ನೋಡಿದವನು, ತಾನು ಒಂದು ದಿನವೂ ಹೊತ್ತವನಲ್ಲ. ಎದುರಿನವರ ಬಲ ಅವನ ಕಣ್ಣಿಗೆ ಎಡ. ಎಡಗಡೆಯೇ ಹೊಲಿದುಕೊಂಡಿದ್ದ.

ಸೈನಿಕ ತಲೆಯಾಡಿಸಿ ಹೊರಡಲು ತಿರುಗುತ್ತಿದ್ದ. ಯಾರ ಮುಂದೆಯೂ ದನಿ ಎತ್ತದ ತೆಕ್ಲಾ ಸಾಲು ಬಿಟ್ಟು ಹೊರಗೆ ಬಂದಳು.

"ನಾಯಿಗಳ್ದು ಬಲಗಡೆ ಕಣೋ, ಟ್ರೆಪ್ಲಿನ್. ಅವ್ಳ ಕೈ ಬಿಡು."