ಭಂಡಾರ ಹಚ್ಚಿದ ಸ್ಕ್ರೂ

ಭೀಮಣ್ಣ ತನ್ನ ಮರ ಕೊಯ್ಯುವ ಮಶೀನನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು, ಮೈಂದರ್ಗಿ ರಸ್ತೆಯಲ್ಲಿರುವ ಮರೆಪ್ಪನ ಅಂಗಡಿಗೆ ಬೆಳಿಗ್ಗೆಯೇ ಬಂದ. ಮಶೀನ್ ಕೆಟ್ಟವರು ಸಾಮಾನ್ಯವಾಗಿ ರಸ್ತೆಯ ಆಚೆ ಬದಿಯಿಂದಲೇ ಬೈಯಲು ಶುರುಮಾಡಿರುತ್ತಾರೆ. ಇವನು ಮಾತ್ರ ಮದುವೆಯ ಉಂಗುರ ಕಳೆದುಕೊಂಡವನ ಹಾಗೆ ಬಂದು, ಕಂಬಳಿ ಬಿಚ್ಚಿ, ಮಶೀನಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

“ಮಾಮಾ, ನಂದs ತಪ್ಪಾಗ್ಯಾದ. ಪೆಟ್ರೋಲಿನ್ಯಾಗ ಎಣ್ಣಿ ಕಮ್ಮಿ ಬಿದ್ದಾದ ಅಂತ ಕಾಣ್ತದ. ಜಾಮ್ ಆಗಿ ಕುಂತದ.”

ಮರೆಪ್ಪ ಹಗ್ಗ ಎಳೆದು ನೋಡಿದ. ಅಲ್ಲಾಡಲಿಲ್ಲ. ಇನ್ನೂ ಅಂಗಡಿಯ ಕಸ ಹೊಡೆದಿರಲಿಲ್ಲ, ಆಗಲೇ ಅವನಿಗೆ ದಿನ ಮುಗಿದಷ್ಟು ದಣಿವಾಗಿತ್ತು. ಈಚೆಗೆ ದಣಿವು ಅವನಿಗಿಂತ ಮೊದಲೇ ಎದ್ದು ಅಂಗಡಿಗೆ ಬಂದು ಕೂತಿರುತ್ತಿತ್ತು.

ಅಕ್ಕಲಕೋಟದ ಸುತ್ತ ಮರ ಕೊಯ್ಯುವ ಮಶೀನು ಇದ್ದವರೆಲ್ಲ ಮರೆಪ್ಪನ ಕೈಯನ್ನು ಬಲ್ಲರು. ಕಂಪನಿಯವರು ಕೊಟ್ಟ ಮಶೀನು ಬೇವಿಗೆ ಸಾಕು, ಒಣಗಿದ ಜಾಲಿಗೆ ಸಾಲುವುದಿಲ್ಲ. ಹಾಗಾಗಿ ಜನ ಹೊಸ ಮಶೀನನ್ನೇ ತಂದು ಇವನ ಮುಂದೆ ಇಡುತ್ತಿದ್ದರು. ಅವನು ಸೈಲೆನ್ಸರ್ ಬಿಚ್ಚಿ, ಒಳಗಿನ ತಗಡು ಕತ್ತರಿಸಿ ತೆಗೆದು, ಹೊಗೆ ಹೋಗುವ ತೂತನ್ನು ಅಗಲ ಮಾಡುತ್ತಿದ್ದ. ಇನ್ನೂ ಜೋರು ಬೇಕೆಂದವರಿಗೆ ಸಿಲಿಂಡರಿನ ಒಳಬಾಯಿಯನ್ನು ಸಣ್ಣ ಅರದಿಂದ ಉಜ್ಜಿ ಉಜ್ಜಿ, ಕೂದಲೆಳೆಯಷ್ಟು ದೊಡ್ಡದು ಮಾಡುತ್ತಿದ್ದ. ಅಂಚು ಚೂಪಾಗಿ ಉಳಿದರೆ ಪಿಸ್ಟನ್ನಿನ ರಿಂಗು ಸಿಕ್ಕಿ ಮುರಿಯುತ್ತದೆ, ಆದ್ದರಿಂದ ಅದನ್ನು ಬೆರಳಿಗೆ ಮೃದು ಅನ್ನಿಸುವವರೆಗೂ ತಿಕ್ಕುತ್ತಿದ್ದ. ಇಷ್ಟನ್ನು ಯಾರಾದರೂ ಕಲಿತಾರು. ನಿಜವಾದ ಕೆಲಸ ಇರುವುದು ಕಿವಿಯಲ್ಲಿ. ಬಾಯಿ ಅಗಲವಾದ ಮಶೀನು ಗಾಳಿಯನ್ನು ಹೆಚ್ಚು ನುಂಗುತ್ತದೆ, ಅದಕ್ಕೆ ತಕ್ಕಂತೆ ಕಾರ್ಬುರೇಟರಿನ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನೂ ಹೆಚ್ಚು ಕೊಡಬೇಕು. ಖಾಲಿ ಓಡುವಾಗ ಪೂರ್ತಿ ರೇಸ್ ಕೊಟ್ಟರೆ ಮಶೀನು ತುಸು ತೊದಲಬೇಕು, ಕಟ್ಟಿಗೆ ಕಚ್ಚಿದ ಕೂಡಲೇ ಆ ತೊದಲು ಹೋಗಬೇಕು. ತೊದಲದೆ ಚೀರಿತೋ, ಒಳಗೆ ಪಿಸ್ಟನ್ ಸುಡುತ್ತಿದೆ ಎಂದೇ ಅರ್ಥ.

ಆ ತೊದಲನ್ನು ಹಿಡಿದ ಮೇಲೆ ಮರೆಪ್ಪ ಗೋಡೆಯ ಗೂಟದಲ್ಲಿ ತೂಗುವ ಚೀಲದಿಂದ ಬೀರೋಬ ದೇವರ ಭಂಡಾರ ತೆಗೆದು, ಚಿಟಿಕೆ ಅರಿಶಿನವನ್ನು ಸ್ಕ್ರೂವಿನ ತಲೆಗೆ ಒತ್ತುತ್ತಿದ್ದ. ಇನ್ನು ಇದನ್ನು ಯಾರೂ ಮುಟ್ಟಬಾರದು ಎಂದು. ಗಿರಾಕಿಗಳು ಹೆಚ್ಚಾಗಿ ಕುರಿ ಸಾಕುವ ಮನೆಗಳವರು, ಬೀರೋಬನ, ಮೈಲಾರನ ಒಕ್ಕಲು. ಭಂಡಾರ ಹಚ್ಚಿದ ಸ್ಕ್ರೂವನ್ನು ತಿರುವಿದವನು ಈ ಸೀಮೆಯಲ್ಲಿ ಇದುವರೆಗೆ ಹುಟ್ಟಿರಲಿಲ್ಲ.

ಮರೆಪ್ಪ ಸಿಲಿಂಡರ್ ಎತ್ತಿದ. ಹೊಗೆ ಹೋಗುವ ಬದಿಯಲ್ಲಿ ಪಿಸ್ಟನ್ನಿನ ಮೈಯೆಲ್ಲ ಕಿತ್ತುಹೋಗಿತ್ತು. ಪ್ಲಗ್ಗಿನ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು, ಪೆಟ್ರೋಲು ಸಾಲದೆ ಸುಟ್ಟ ಗುರುತು. ಟಾಕಿಯಲ್ಲಿ ಉಳಿದ ಪೆಟ್ರೋಲನ್ನು ಅಂಗೈಗೆ ಸುರಿದುಕೊಂಡು ಬೆರಳಿನಿಂದ ಉಜ್ಜಿದ. ಎಣ್ಣೆ ಇರಬೇಕಾದಷ್ಟು ಇತ್ತು. ಭೀಮಣ್ಣನದು ಏನೇನೂ ತಪ್ಪಿರಲಿಲ್ಲ. ಸ್ಕ್ರೂವಿನ ತಲೆಯ ಮೇಲೆ ಮರೆಪ್ಪ ತಾನೇ ಹಚ್ಚಿದ ಅರಿಶಿನ ಹಾಗೇ ಕೂತಿತ್ತು.

ಎರಡು ವರ್ಷದ ಹಿಂದೆ ಸೊಲ್ಲಾಪುರದ ಕಿವಿ ಡಾಕ್ಟರು ಹೇಳಿದ್ದರು, ಸಣ್ಣ ಸಪ್ಪಳ, ಚೂಪು ಸಪ್ಪಳ ಹೋಗಿಬಿಟ್ಟಿವೆ, ಬಾಕಿಯೂ ಹೋಗುತ್ತವೆ, ಆ ಮಶೀನುಗಳನ್ನು ಬಿಡಿ ಎಂದು. ಇಪ್ಪತ್ತಾರು ವರ್ಷ ಬಾಯಿ ತೆರೆದ ಸೈಲೆನ್ಸರುಗಳ ಪಕ್ಕದಲ್ಲಿ ಕೂತವನಿಗೆ ಇನ್ನೇನು ಹೇಳಿಯಾರು. ಡಾಕ್ಟರ ಚೀಟಿಯನ್ನು ಮರೆಪ್ಪ ಹಳೆ ರಿಂಗುಗಳ ಡಬ್ಬಿಯ ತಳದಲ್ಲಿ ಇಟ್ಟು ಸುಮ್ಮನಾಗಿದ್ದ. ಅಂದಿನಿಂದ ಸ್ಕ್ರೂವನ್ನು ಕಿವಿಯಿಂದ ಅಲ್ಲ, ಸುತ್ತು ಎಣಿಸಿ ತಿರುವುತ್ತಿದ್ದ. ಸೈಲೆನ್ಸರ್ ಮಾತ್ರ ತೆರೆದ ಮಶೀನುಗಳಿಗೆ ಆ ಲೆಕ್ಕ ನಡೆದುಹೋಯಿತು. ಒಳಬಾಯಿಯನ್ನೂ ಉಜ್ಜಿದ ಭೀಮಣ್ಣನ ಮಶೀನಿಗೆ ನಡೆಯಲಿಲ್ಲ.

ಹೇಳಬೇಕಾದ ಮಾತು ನಾಲಿಗೆಗೆ ಬಂದಿತ್ತು. ಆದರೆ ಮರೆಪ್ಪ ಹೇಳಿದ್ದೇ ಬೇರೆ.

“ಇನ್ಮ್ಯಾಲ ಎಣ್ಣಿ ನೋಡಿ ಹಾಕು. ನಾಳೆ ಮಧ್ಯಾಹ್ನ ಬಾ.”

ಭೀಮಣ್ಣ ತಲೆಯಾಡಿಸಿ ಹೋದ. ಮೂಲೆಯಲ್ಲಿ ಕೂತು ಚೈನಿನ ಹಲ್ಲು ಮಸೆಯುತ್ತಿದ್ದ ಸಕ್ಕುಬಾಯಿ ಗಂಡನ ಮುಖವನ್ನೊಮ್ಮೆ ನೋಡಿ, ಮತ್ತೆ ಕೆಲಸಕ್ಕೆ ಬಗ್ಗಿದಳು. ಈ ಅಂಗಡಿಗೆ ಬರುವ ಚೈನುಗಳನ್ನೆಲ್ಲ ಮಸೆಯುವವಳು ಅವಳೇ.

ಮರೆಪ್ಪ ಪಿಸ್ಟನ್ ತರಲು ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋದ. ಕಂಡಕ್ಟರ್ ಎರಡು ಸಲ ಏನೋ ಕೇಳಿದ, ಮೂರನೆಯ ಸಲ ಪಕ್ಕದವನು ಮರೆಪ್ಪನ ಭುಜ ತಟ್ಟಿದ. ಸಾಮಾನು ಮಾರುವ ಅಂಗಡಿಯಲ್ಲಿ ಹಳೆ ಪಿಸ್ಟನ್ನನ್ನೇ ತೋರಿಸಿ ಹೊಸದನ್ನು ತೆಗೆದುಕೊಂಡ, ಮಾತೇ ಬೇಕಾಗಲಿಲ್ಲ. ವಾಪಸು ಬರುವಾಗ ಕಿಟಕಿಗೆ ತಲೆ ಆನಿಸಿದ್ದ. ಮಾಡಿದ ತಪ್ಪಿಗಿಂತ, ತಪ್ಪನ್ನು ಇನ್ನೊಬ್ಬನ ಹೆಗಲಿಗೆ ಹಾಕಿ ಕಳಿಸಿದ್ದು ಅವನನ್ನು ಹೆಚ್ಚು ಸುಸ್ತು ಮಾಡಿತ್ತು. ನಾಚಿಕೆಯಾಗುತ್ತಿತ್ತು. ಆದರೂ ಊರು ಬರುವವರೆಗೆ, ಹೇಳದಿದ್ದರೆ ಏನಾಗುತ್ತದೆ, ಯಾರಿಗೆ ಗೊತ್ತಾಗುತ್ತದೆ ಎಂದೇ ಲೆಕ್ಕ ಹಾಕಿದ.

ಮರುದಿನ ಮಧ್ಯಾಹ್ನ ಭೀಮಣ್ಣ ಹೇಳಿದ ಹೊತ್ತಿಗೇ ಬಂದ. ಹಣೆಯ ತುಂಬ ಅರಿಶಿನ, ಕೈಯಲ್ಲಿ ಕಾಗದದ ಪೊಟ್ಟಣ.

“ಬೀರೋಬನ ಗುಡಿಗಿ ಹೋಗಿ ತಪ್ಪಾತು ಅಂತ ಕಾಯಿ ಒಡ್ಸಿ ಬಂದೀನಿ, ಮಾಮಾ. ಹೊಸ ಭಂಡಾರ ತಂದೀನಿ, ಈ ಸಲ ಇದನ್ನs ಹಚ್ರಿ.” ಆಮೇಲೆ ಅವನು ದನಿ ತಗ್ಗಿಸಿದ. ಮರೆಪ್ಪ ಅವನ ತುಟಿ ನೋಡುತ್ತ ಕೇಳಿಸಿಕೊಂಡ. “ಅವತ್ತ ಮಶೀನ್ ಭಾಳ ಚೀರಾಕತ್ತಿತ್ತು. ನಮ್ಮ ತಮ್ಮ ಅಂದ, ಅಣ್ಣಾ, ಜರಾ ಸ್ಕ್ರೂ ತಿರುವಿ ನೋಡು ಅಂತ. ಭಂಡಾರ ಹಚ್ಚಿದ್ದು, ಹ್ಯಾಂಗ ಮುಟ್ಲಿ? ಅವಗs ನಾಕು ಬೈದೆ. ಎರಡ ದಿನ ಆತು, ನನ್ನ ಕೂಡ ಮಾತಾಡವಲ್ಲ.”

ಮರೆಪ್ಪ ಹೊಸ ಪಿಸ್ಟನ್ ಕೂರಿಸಿದ ಮಶೀನನ್ನು ಅಂಗಡಿಯ ಮುಂದಿನ ಜಾಲಿ ದಿಮ್ಮಿಯ ಹತ್ತಿರ ಒಯ್ದು ಹಗ್ಗ ಎಳೆದ. ಕೈಗೆ ಮಶೀನಿನ ನಡುಕ ಬಂತು, ಮೂಗಿಗೆ ಹೊಗೆ ಬಂತು. ಕಿವಿಗೆ ಬಂದದ್ದು ಒಂದೇ ದಪ್ಪ ಗದ್ದಲ. ರೇಸ್ ಏರಿಸಿದ, ಗದ್ದಲ ದೊಡ್ಡದಾಯಿತು, ಅಷ್ಟೇ.

ಅವನು ಸಕ್ಕುಬಾಯಿಯ ಕಡೆ ತಿರುಗಿ ಕೈ ಮಾಡಿ ಕರೆದ.

“ತೊದಲ್ತದೇನ?”

ಸಕ್ಕುಬಾಯಿ ಹತ್ತಿರ ಬಂದು ಕಿವಿಗೊಟ್ಟು, ಇಲ್ಲ ಎಂದು ತಲೆಯಾಡಿಸಿದಳು. ಅವನು ಸ್ಕ್ರೂವನ್ನು ಸ್ವಲ್ಪ ಸಡಿಲಿಸಿದ. ಇಲ್ಲ. ಇನ್ನೂ ಸ್ವಲ್ಪ. ಆಗ ಅವಳು ಅಂಗೈ ಎತ್ತಿ ನಿಲ್ಲಿಸಿದಳು. ಮರೆಪ್ಪ ದಿಮ್ಮಿಗೆ ಚೈನ್ ಇಟ್ಟ, ಹೊಟ್ಟು ಹಾರಿತು, ತೊದಲು ಹೋಯಿತೆಂದು ಅವಳು ತಲೆದೂಗಿದಳು. ಭೀಮಣ್ಣ ಇಬ್ಬರನ್ನೂ ಮಿಕಿಮಿಕಿ ನೋಡುತ್ತ ನಿಂತಿದ್ದ.

ಮಶೀನ್ ಬಂದ್ ಆಯಿತು. ಭೀಮಣ್ಣ ಪೊಟ್ಟಣ ಬಿಚ್ಚಿ ಮುಂದೆ ಹಿಡಿದ.

“ಒಳಗಿಡೋ ಅದನ್ನ,” ಎಂದ ಮರೆಪ್ಪ. “ನಿನ್ನ ಎಣ್ಣಿ ಬರಾಬರಿ ಇತ್ತು. ತಪ್ಪು ನಂದು. ನನಗ ಕೇಳಂಗಿಲ್ಲ ಭೀಮಣ್ಣ. ಎರಡ ವರ್ಷ ಆತು.”

ಭೀಮಣ್ಣನಿಗೆ ಸಿಟ್ಟು ಬರಲೆಂದು ಮರೆಪ್ಪ ಕಾದ. ಬಂದಿದ್ದರೆ ಹಗುರಾಗುತ್ತಿತ್ತು. ಅವನು ಪೊಟ್ಟಣವನ್ನು ಮತ್ತೆ ಮಡಚುತ್ತ, “ಮತ್ತ ನಾ ತಮ್ಮಗ ಸುಮ್ನ ಬೈದೆನಲ್ಲ,” ಎಂದಷ್ಟೇ ಅಂದ.

“ಈ ಮಶೀನ್ ಮಾಡಿ ಕೊಟ್ಟ ದಿನs ನಾ ಹೇಳಿದ್ದೆ,” ಎಂದಳು ಸಕ್ಕುಬಾಯಿ, ಗಂಡನ ಮುಖದ ಎದುರಿಗೆ ಬಂದು, ಒಂದೊಂದೇ ಮಾತು ಬಿಡಿಸಿ. “ಇದು ಚೀರಾಕತ್ತದ ಅಂತ ಹೇಳಿದ್ದೆ. ನೀವು ಹೂಂ ಅಂದ್ರಿ.”

ಹೂಂ ಅಂದದ್ದು ಅವನಿಗೆ ನೆನಪಿತ್ತು. ಈಚೆಗೆ ಅವನು ಎಲ್ಲರಿಗೂ ಎಲ್ಲದಕ್ಕೂ ಹೂಂ ಅನ್ನುತ್ತಿದ್ದ.

ಅದೇ ಹೊತ್ತಿಗೆ ಇನ್ನೊಂದು ವಿಷಯ ತಲೆಗೆ ಹೊಳೆದು ಮರೆಪ್ಪ ದಿಮ್ಮಿಯ ಮೇಲೆ ಕುಸಿದು ಕೂತ. ಒಳಬಾಯಿ ಉಜ್ಜಿ, ಸುತ್ತು ಎಣಿಸಿ, ಭಂಡಾರ ಹಚ್ಚಿ ಕಳಿಸಿದ ಮಶೀನುಗಳು ಇನ್ನೂ ಎರಡಿದ್ದವು. ತಡವಳದ ಧೂಳಪ್ಪನದು, ಮೈಂದರ್ಗಿಯ ಅಣ್ಣಾರಾಯನದು. ಅವರೂ ಚೀರುವ ಮಶೀನು ಹಿಡಿದು, ಸ್ಕ್ರೂ ಮುಟ್ಟದೆ, ತಮ್ಮ ಕೈಯದೇ ಏನೋ ತಪ್ಪು ಎಂದುಕೊಳ್ಳುತ್ತಿರಬೇಕು.

ಅವನು ಫೋನ್ ತೆಗೆದು ಧೂಳಪ್ಪನ ನಂಬರು ಒತ್ತಿ ಹೆಂಡತಿಯ ಕೈಗೆ ಕೊಟ್ಟ. ಫೋನಿನ ಮಾತು ಅವನಿಗೆ ತಿಳಿಯುವುದು ನಿಂತು ಬಹಳ ದಿನವಾಗಿತ್ತು.

“ಏನ್ ಹೇಳ್ಲಿ?”

“ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡ್ಕೊಂಡು, ಮಶೀನ್ ತಗೊಂಡು ಬಾ ಅನ್ನು.”

“ಭಂಡಾರ ಹಚ್ಚ್ಯಾರಲ್ಲ ಅಂತಾನ ಅವ. ಮುಟ್ಟಂಗಿಲ್ಲ.”

“ಒರಿಸಿ ಬಿಡು ಅನ್ನು. ಮರೆಪ್ಪs ಹೇಳ್ಯಾನ ಅನ್ನು. ಅವಗ ಕಿವಿ ಕೇಳಂಗಿಲ್ಲ ಅನ್ನು.”

ಅತ್ತ ಕಡೆ ಫೋನ್ ಎತ್ತಿದರು. ಸಕ್ಕುಬಾಯಿ ಗೋಡೆಯ ಕಡೆ ತಿರುಗಲು ಹೋದವಳು, ಹಾಗೆ ಮಾಡದೆ ಗಂಡನ ಎದುರಿಗೇ ನಿಂತು ಮಾತಾಡಿದಳು. ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ಹೇಳಿಕೊಟ್ಟಿದ್ದರಲ್ಲಿ ಒಂದು ಮಾತನ್ನೂ ಅವಳು ಬಿಡಲಿಲ್ಲ.